ಕಮತಗಿಗೆ ಬೆನ್ನು ಮುಂದಾಗಿ

ಕಾರು ಹಿಂದಕ್ಕೆ ಹಾರಿತು.

ಮಧುಸೂದನ ಹಾಕಿದ್ದು ಮೊದಲನೆಯ ಗೇರು, ಅದರಲ್ಲಿ ಅನುಮಾನವಿರಲಿಲ್ಲ. ಕ್ಲಚ್ಚಿನ ಮೇಲಿಂದ ಕಾಲು ತೆಗೆದದ್ದೇ ತಡ, ಕಾರು ಕೊಟ್ಟಿಗೆಯ ಹಿಂಬದಿಯ ತಟ್ಟಿಯನ್ನು ಹಪ್ಪಳದಂತೆ ಮುರಿದು, ನೆರೆಮನೆಯ ಅನಸೂಯಾಬಾಯಿಯವರ ಹಿತ್ತಲಿಗೆ ನುಗ್ಗಿ, ದಸರೆಗೆಂದು ಒಗೆದು ಹಗ್ಗದ ಮೇಲೆ ಹಾಕಿದ್ದ ಕೌದಿಗಳನ್ನೆಲ್ಲ ಮೈಮೇಲೆ ಹೊದ್ದುಕೊಂಡು, ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ನಿಂತಿತು. ಚಳಿಜ್ವರ ಬಂದ ಎಮ್ಮೆಯ ಹಾಗೆ ಕೌದಿಯೊಳಗೇ ಒಂದು ಸಲ ನಡುಗಿ ಸುಮ್ಮನಾಯಿತು. ಕೊಟ್ಟಿಗೆಯ ಬಾಗಿಲಲ್ಲಿ ಹ್ಯಾಂಡಲ್ ತಿರುವಿ ನಿಂತಿದ್ದ ಹುಸೇನಸಾಬನ ಕೈಯಲ್ಲಿ ಹ್ಯಾಂಡಲ್ ಉಳಿದಿತ್ತು. ಎದುರಿಗಿದ್ದ ಕಾರು ಇರಲಿಲ್ಲ.

ಬಾವಿಯ ಹತ್ತಿರ ತಾಮ್ರದ ಕೊಡ ತಿಕ್ಕುತ್ತಿದ್ದ ಅನಸೂಯಾಬಾಯಿ ಎದ್ದು ಬಂದು ಒಂದು ಕೌದಿಯ ತುದಿ ಎತ್ತಿ ನೋಡಿದರು. ಒಳಗೆ ಮಧುಸೂದನನ ಮುಖವಿತ್ತು.

“ಎಲ್ಲಿಗೆ ಹೊಂಟೀಪಾ ಮಧೂ?”

“ಕಮತಗಿಗೆ, ಮೌಶಿ.”

“ಕಮತಗಿ ಆ ಕಡೆ ಅದ,” ಎಂದು ಅವರು ಹುಣಸೆಹಣ್ಣಿನ ಕೈಯಿಂದಲೇ ತೋರಿಸಿದರು.

ಮಧುಸೂದನ ಹುನಗುಂದದ ಕೋರ್ಟಿನಲ್ಲಿ ವಕೀಲ. ಅವನು ಗೆದ್ದದ್ದು ಒಂದೇ ಒಂದು ಕೇಸು. ಅದನ್ನು ಗೆದ್ದದ್ದೇ ತಪ್ಪಾಯಿತು. ಕಕ್ಷಿದಾರ ದೇಸಾಯಿ ಹಿಗ್ಗಿನ ಭರದಲ್ಲಿ, ಯುದ್ಧದ ಕಾಲಕ್ಕೆ ಪೆಟ್ರೋಲು ಸಿಗದೆಂದು ಜೋಳದ ಕಣಕಿಯ ಬಣವೆಯ ಮಗ್ಗುಲಲ್ಲಿ ನಿಲ್ಲಿಸಿ ಮರೆತುಬಿಟ್ಟಿದ್ದ ತನ್ನ ಕಾರಿಗೆ ಎತ್ತು ಹೂಡಿಸಿ, ವಕೀಲರ ಮನೆಯ ಕೊಟ್ಟಿಗೆಗೆ ಎಳೆಸಿಬಿಟ್ಟ. ಮೇಲಿನ ಬಟ್ಟೆಯನ್ನು ಇಲಿ ತಿಂದಿದ್ದವು. ಸೀಟಿನೊಳಗಿನ ನಾರನ್ನು ಗುಬ್ಬಿಗಳು ಒಯ್ದಿದ್ದವು. ಹಾರ್ನಿನ ರಬ್ಬರಿನ ಬುರುಡೆ ಮಾತ್ರ ಗಟ್ಟಿಯಾಗಿತ್ತು. ಮಧುಸೂದನ ಅದನ್ನು ಒಂದು ಸಲ ಒತ್ತಿದ, ಅಲ್ಲಿಗೆ ಅವನು ಕೆಟ್ಟ.

ವಿಮಲಾಬಾಯಿ ಮೊದಲು ಗಂಡನ ಹುಚ್ಚಿಗೆ ನಕ್ಕಳು. ಆಮೇಲೆ ಕಾರಿನ ಕೈಕಾಲುಗಳು ಒಂದೊಂದೇ ಅವಳ ಅಡಿಗೆಮನೆಗೆ ಬರತೊಡಗಿದವು. ಹಾಲಿನ ಪಾತೇಲಿಯಲ್ಲಿ ಚಿಮಣಿ ಎಣ್ಣೆ, ಅದರಲ್ಲಿ ನೆನೆಯುವ ನಟ್ಟುಗಳು. ದೇವರ ಗಂಟೆಯ ಪಕ್ಕದಲ್ಲಿ ಒಣಗುವ ಪ್ಲಗ್ಗುಗಳು. ಒಂದು ಮುಂಜಾನೆ ಮಜ್ಜಿಗೆ ಕಡೆಯುವಾಗ ಬೆಣ್ಣೆಯ ಜೊತೆ ಒಂದು ಸ್ಪ್ರಿಂಗು ತೇಲಿ ಬಂತು. ಅವಳು ಅವತ್ತೇ ಟ್ರಂಕು ತುಂಬಿಕೊಂಡು ಕಮತಗಿಯ ತವರುಮನೆಗೆ ಹೋದಳು. ಅಲ್ಲಿಂದ ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಿದಳು: ಆ ಕಾರು ತಾನಾಗಿ ನಡೆದು ಬಂದು ತನ್ನನ್ನು ಕರೆದುಕೊಂಡು ಹೋಗಬೇಕು, ಎತ್ತು ಎಳೆದುಕೊಂಡು ಬಂದರೂ, ಗಂಡ ಬಸ್ಸಿನಲ್ಲಿ ಬಂದರೂ, ಬಂದ ಹಾಗೆಯೇ ಹೊಳ್ಳಿ ಹೋಗಬಹುದು.

ಈ ಮಾತನ್ನು ಕಂಡಕ್ಟರ ವಕೀಲರಿಗೊಬ್ಬರಿಗೇ ಹೇಳಿದ್ದರೆ ಬೇರೆ ಮಾತು. ಬಸ್ಸಿನಲ್ಲಿ ಕೂತವರಿಗೆಲ್ಲ ಹೇಳುತ್ತ ಬಂದಿದ್ದ. ಪಂಚಮಿ ಹೋಯಿತು, ಗಣಪತಿ ಬಂದು ನೀರಿಗೆ ಬಿದ್ದು ಹೋದ, ವಿಮಲಾಬಾಯಿ ಬರಲಿಲ್ಲ. ನಾಡಿದ್ದು ಘಟಸ್ಥಾಪನೆ. ನವರಾತ್ರಿಯ ದೀಪಕ್ಕೂ ಅವಳಿಲ್ಲದಿದ್ದರೆ ಮುಂದಿನ ಮಾತು ದೀಪಾವಳಿಗೇ ಎಂದು ಮಾವ ಗುರುರಾಜರಾಯರು ಕಡ್ಡಿ ಮುರಿದ ಹಾಗೆ ತಿಳಿಸಿದ್ದರು. ಸ್ವಂತ ಕೈಯ ಅಡಿಗೆ ಉಂಡು ಉಂಡು ವಕೀಲರ ಕರಿಕೋಟು ಒಳಗೆ ಇನ್ನೊಬ್ಬ ವಕೀಲ ಹಿಡಿಸುವಷ್ಟು ಸಡಿಲಾಗಿತ್ತು. ಇವತ್ತು ಹೋಗಲೇಬೇಕು.

ಹೋಗುವುದಕ್ಕೆ ಕಾರೂ ತಯಾರಿತ್ತು. ಆದರೆ ಹಿಂದಕ್ಕೆ.

ತಪ್ಪು ಹಿಂದಿನ ಗಾಲಿಗಳ ಅಚ್ಚಿನಲ್ಲಿತ್ತು. ಅದರ ನಡುವೆ ಹಲ್ಲಿರುವ ಒಂದು ದೊಡ್ಡ ಚಕ್ರ ಇರುತ್ತದೆ. ಇಂಜಿನ್ನಿನ ತಿರುಗಾಟವನ್ನು ಗಾಲಿಗಳಿಗೆ ಮುಟ್ಟಿಸುವುದು ಅದೇ. ಮಧುಸೂದನನೂ ಹುಸೇನಸಾಬನೂ ಸೇರಿ ಅದನ್ನು ಬಿಚ್ಚಿ, ತೊಳೆದು, ಮತ್ತೆ ಕೂರಿಸುವಾಗ ಅದು ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆ ಬಂದಿತ್ತು. ಮಧುಸೂದನ ವಕೀಲನಾದ್ದರಿಂದ ಎರಡೂ ಕಡೆಗೆ ವಾದ ಮಾಡಿದ. ಹುಸೇನಸಾಬ ಹಿಟ್ಟಿನ ಗಿರಣಿಯ ಇಂಜಿನ್ ನೋಡಿಕೊಳ್ಳುವವ. ಗಿರಣಿಯ ಇಂಜಿನ್ ಇದ್ದಲ್ಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ತಿರುಗುವುದು ತಿರುಗಿದರೆ ಸಾಕು, ಯಾವ ಕಡೆಗೆ ಎಂಬುದು ಅವನ ಮಟ್ಟಿಗೆ ಕೆಲಸವಿಲ್ಲದವರ ಪ್ರಶ್ನೆ. ಎರಡೂ ಕಡೆಗೆ ಕೂಡುತ್ತದೆ ಅಂದಮೇಲೆ ಎರಡೂ ಕಡೆ ಸರಿ ಎಂದು ಅವನು ಬಲಕ್ಕೆ ಕೂರಿಸಿ ನಟ್ಟು ಬಿಗಿದಿದ್ದ.

ಈಗ ಅವನು ಬಾವಿಯ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ.

“ಗಿರಣ್ಯಾಗ ಉಲ್ಟಾ ತಿರುಗಿದ್ರ ಗಾಲಿ ಮ್ಯಾಲಿನ ಪಟ್ಟಾ ತಿರುವಿ ಹಾಕ್ತೇವ್ರಿ ವಕೀಲಸಾಹೇಬ್ರ. ಇದಕ್ಕ ಪಟ್ಟಾನ ಇಲ್ಲ. ಮಾಡಿದವ್ರು ವಿಚಾರ ಮಾಡಿಲ್ಲ.”

ಹಿಂದೆ ಹೋಗುವ ಗೇರು ಹಾಕಿದರೆ ಮುಂದೆ ಹೋದೀತು ಎಂದು ಮಧುಸೂದನನಿಗೆ ಹೊಳೆಯಿತು. ಹಾಕಿ ನೋಡಿದ. ಕಾರು ಮುಂದಕ್ಕೆ ಹೋಯಿತು. ಆದರೆ ಬಸುರಿ ಎಮ್ಮೆಯ ನಡಿಗೆ, ಹುಲಿಯ ಕೂಗು. ಓಣಿಯ ತುದಿ ಮುಟ್ಟುವುದರೊಳಗೆ ರೇಡಿಯೇಟರಿನ ನೀರು ಕುದಿದು, ಹಂಡೆಯ ಹಾಗೆ ಆವಿ ಕಾರಿತು. ಅಂದರೆ ಲೆಕ್ಕ ಸ್ಪಷ್ಟವಾಯಿತು: ಹಿಂದಕ್ಕೆ ಹೋಗಲು ಮೂರು ಗೇರು, ಮುಂದಕ್ಕೆ ಒಂದೇ, ಅದೂ ಕುದಿಯುವುದು. ಅಚ್ಚು ಬಿಚ್ಚಿ ಜೋಡಿಸಲು ಕಳೆದ ಸಲ ಎಂಟು ದಿನ ಹಿಡಿದಿತ್ತು. ವಿಮಲಾಬಾಯಿ ಕಾರು ನಡೆದು ಬರಬೇಕು ಅಂದಿದ್ದಳೇ ಹೊರತು ಯಾವ ಮುಖವಾಗಿ ಎಂದು ಹೇಳಿರಲಿಲ್ಲ. ಈ ಪಾಯಿಂಟು ಕೋರ್ಟಿನಲ್ಲಿ ನಿಲ್ಲುವಂಥದೆಂದು ವಕೀಲ ತನಗೆ ತಾನೇ ಹೇಳಿಕೊಂಡ.

ಆಗ ಅನಸೂಯಾಬಾಯಿ ತಾವೂ ಬರುವುದಾಗಿ ಸಾರಿದರು. ಮುನಿಸಿಕೊಂಡು ಹೋದ ಹೆಣ್ಣುಮಗಳನ್ನು ಬರೀ ಗಂಡಸರು ಹೋಗಿ ಕರೆತರುವ ಪದ್ಧತಿ ಎಲ್ಲಿಯೂ ಇಲ್ಲವಂತೆ. ಕೌದಿಯ ಮಾತು ಎತ್ತಬಾರದೆಂದರೆ ತಮ್ಮನ್ನು ಕರೆದೊಯ್ಯಬೇಕಂತೆ. ಮನೆಗೆ ಬೀಗ ಹಾಕಿ, ಬಿಡಿಸಿದ ಕೌದಿಗಳಲ್ಲಿ ಒಂದನ್ನು ನಾರಿಲ್ಲದ ಹಿಂದಿನ ಸೀಟಿಗೆ ಹಾಸಿ, ಚಕ್ಕಳಬಕ್ಕಳ ಹಾಕಿ ಕೂತರು.

ಹೊರಟ ಮೇಲೆ ಮಧುಸೂದನನಿಗೆ ಒಂದು ಸಂಗತಿ ತಿಳಿಯಿತು. ಕಾರು ಹಿಂದಕ್ಕೆ ಹೋಗುವಾಗ ನಡೆಸುವವ ಕುತ್ತಿಗೆ ತಿರುಗಿಸಿ ಹಿಂದೆ ನೋಡಬೇಕು. ಹಿಂದೆ ಕೂತವರು ಮುಂದೆ ನೋಡುತ್ತಿರುತ್ತಾರೆ. ಅಂದರೆ ಕಮತಗಿಯ ತನಕ ಅವನೂ ಅನಸೂಯಾಬಾಯಿಯೂ ಮುಖಕ್ಕೆ ಮುಖ ಕೊಟ್ಟು ಕೂತಿರಬೇಕು. ಅವರು ಮಾತಾಡಿದರು. ಉಪ್ಪಿನಕಾಯಿಗೆ ಬೂಜು ಬಂದದ್ದು, ಸೋದರಳಿಯ ಬಾದಾಮಿಯಲ್ಲಿ ಮಂಗಗಳ ಕೈಗೆ ಟೊಪ್ಪಿಗೆ ಕೊಟ್ಟದ್ದು, ತಮ್ಮ ಮಂಡಿ, ಇವನ ತಾಯಿಯ ಮಂಡಿ. ಬೇರೆ ಕಡೆ ನೋಡಿದರೆ ಕಾರು ಗಟಾರಕ್ಕೆ. ಹಾಗಾಗಿ ಅವನು ಸಾಕ್ಷಿದಾರನ ಎದುರು ನಿಂತ ವಕೀಲನಂತೆ ಅವರನ್ನೇ ನೋಡುತ್ತ, ಅವರ ಕಿವಿಯ ಮಗ್ಗುಲಿನಿಂದ ರಸ್ತೆ ನೋಡುತ್ತ ನಡೆಸಿದ. ಹುಸೇನಸಾಬ ಫುಟ್‌ಬೋರ್ಡಿನ ಮೇಲೆ ನಿಂತು ಎಡಕ್ಕೆ, ಬಲಕ್ಕೆ ಎನ್ನುತ್ತಿದ್ದ. ಅದು ಕಾರಿನ ಎಡವೋ, ದಾರಿಯ ಎಡವೋ, ಹುಸೇನಸಾಬನ ಎಡವೋ ತಿಳಿಯದೆ ಒಂದು ಕುರಿಹಿಂಡಿನ ನಡುವೆ ಹಾದದ್ದಾಯಿತು. ಕುರುಬ ಬೈಯಲಿಲ್ಲ. ಬೈಸಿಕೊಳ್ಳಬೇಕಾದವರು ಎದುರಿಗೆ ಬಂದರೋ, ಹಿಂದೆ ಹೋದರೋ ಎಂದು ಯೋಚಿಸುತ್ತ ನಿಂತುಬಿಟ್ಟ.

ಅಮೀನಗಡದ ಹತ್ತಿರ ಬಾಗಲಕೋಟೆಯ ಬಸ್ಸು ಎದುರಾಯಿತು. ಬಸ್ಸಿನ ಡ್ರೈವರನಿಗೆ ಕಂಡದ್ದು ಒಂದು ಕಾರಿನ ಬೆನ್ನು. ತನ್ನ ಮುಂದೆ ಹೋಗುತ್ತಿರುವ ಕಾರೆಂದು ತಿಳಿದು ಅವನು ದಾರಿ ಬಿಡು ಎಂದು ಹಾರ್ನು ಹೊಡೆದ. ಮುಂದೆ ಹೋಗುತ್ತಿರುವ ಕಾರು ದೊಡ್ಡದಾಗುತ್ತ ಬಂತು. ಇನ್ನೂ ಜೋರಾಗಿ ಹೊಡೆದ. ಇನ್ನೂ ದೊಡ್ಡದಾಯಿತು. ಕೊನೆಗೆ ಬಸ್ಸು ಕರದಂಟಿನ ಅಂಗಡಿಯೊಂದರ ಮೆಟ್ಟಿಲು ಮೂಸಿ ನಿಂತಿತು. ಪ್ರಯಾಣಿಕರು ಹೇಗೂ ಅಲ್ಲಿ ಇಳಿಯುವವರೇ, ಇಳಿದು ಕರದಂಟು ಕೊಂಡು ತಿನ್ನುತ್ತ ಕಾರಿನ ಸುತ್ತ ನೆರೆದರು. ಡ್ರೈವರ ಕಾರನ್ನು ಹಿಂದಿನಿಂದ ಮುಂದಿನವರೆಗೆ ನೋಡಿ, ಫುಟ್‌ಬೋರ್ಡಿನ ಮೇಲಿದ್ದವನನ್ನು ಗುರುತು ಹಿಡಿದ.

“ಏನಲೇ ಹುಸೇನ್ಯಾ, ನಿಮ್ಮ ಗಿರಣ್ಯಾಗ ಹಿಟ್ಟು ಹಾಕಿದ್ರ ಜ್ವಾಳ ಬರ್ತೈತೇನು?”

ಜನ ನಕ್ಕದ್ದು ಅಮೀನಗಡ ದಾಟುವವರೆಗೂ ಕೇಳಿಸಿತು. ಹುಸೇನಸಾಬ ಅಲ್ಲಿಂದ ಮುಂದೆ ಎಡಕ್ಕೆ ಅನ್ನಲಿಲ್ಲ, ಬಲಕ್ಕೂ ಅನ್ನಲಿಲ್ಲ. ಬೀಡಿಯನ್ನೂ ಹಚ್ಚಲಿಲ್ಲ.

ಕಮತಗಿಯಲ್ಲಿ ಗುರುರಾಜರಾಯರು ಆಗಷ್ಟೇ ಒಳಗಿನಿಂದ ಬಂದು ಮನೆಯ ಕಟ್ಟೆಯ ಮೇಲೆ ನಿಂತಿದ್ದರು. ಮಾಮಲೇದಾರ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾವುದನ್ನೂ ಎರಡು ಸಲ ನೋಡದೆ ಸಹಿ ಮಾಡಿದವರಲ್ಲ. ಇವತ್ತು ಮಾತ್ರ ಒಂದೇ ಸಲ ನೋಡಿದರು. ಓಣಿಯಲ್ಲಿ ಅಳಿಯನ ಕಾರಿನ ಬೆನ್ನು ಕಂಡಿತು. ಬಾಗಿಲ ತನಕ ಬಂದ ಅಳಿಯ ಕರೆಯುವವರಿಲ್ಲದೆ ಸಿಟ್ಟಾಗಿ ಹೊಳ್ಳಿ ಹೊರಟಿದ್ದಾನೆಂದು ಅವರು ಧೋತರ ಎತ್ತಿ ಕಟ್ಟಿ, ನಿಲ್ಲಿರೆಂದು ಕೂಗುತ್ತ ಕಾರನ್ನು ಹಿಡಿಯಲು ಓಡಿದರು. ಕಾರೂ ಅವರನ್ನು ಹಿಡಿಯಲು ಬರುತ್ತಿತ್ತು. ಇಬ್ಬರ ಉದ್ದೇಶವೂ ಒಂದೇ ಆದ್ದರಿಂದ ಕೆಲಸ ಬೇಗ ಮುಗಿಯಿತು. ಗುರುರಾಜರಾಯರು ಕಾರಿನ ಹಿಂದೆ ಕಟ್ಟಿದ್ದ ಹೆಚ್ಚಿನ ಗಾಲಿಯ ಮೇಲೆ ಕೂತು, ಬಂದ ದಾರಿಯಲ್ಲೇ ಸ್ವಂತ ಮನೆಯ ಬಾಗಿಲಿಗೆ ಬಂದು ಇಳಿದರು.

“ಮುಂಬಯಿ ಸರಕಾರ ಇದ್ದಾಗ ಇಂಥಾದ್ದು ನಡೀತಿರಲಿಲ್ಲ,” ಎಂದರು. “ಮೈಸೂರಿಗೆ ಸೇರಿದ್ದೇ ಸೇರಿದ್ದು, ಎಲ್ಲಾ ತಲೆಕೆಳಗ.”

ಬಾಗಿಲಲ್ಲಿ ವಿಮಲಾಬಾಯಿ ನಿಂತಿದ್ದಳು. ಮಧುಸೂದನ ಇಳಿದು ಅವಳ ಎದುರಿಗೆ ಹೋದ. ಹೋದನೇನೋ ನಿಜ, ಮುಖ ಮಾತ್ರ ಹೆಗಲ ಮೇಲೆ ಹಾದು ಬೀದಿಯ ಕಡೆಗೇ ಉಳಿಯಿತು. ಕುತ್ತಿಗೆ ಹಿಡಿದುಬಿಟ್ಟಿತ್ತು. ಅವಳನ್ನು ನೋಡಬೇಕಾದರೆ ಅವಳಿಗೆ ಬೆನ್ನು ಹಾಕಿ ನಿಲ್ಲಬೇಕಾಯಿತು.

ಕಾರು ನಡೆದು ಬಂದಿದೆ ಎಂದು ಅವನು ಹಾಗೆಯೇ ನಿಂತು ಅಹವಾಲು ಮಂಡಿಸಿದ. ಬಂದಿದೆ, ಆದರೆ ಹಿಂಗೆ ಉಲ್ಟಾ ಕೂತು ಹೋಗಿ ಮಂದಿಯ ಬಾಯಿಗೆ ಬೀಳಲಾರೆ ಎಂದು ಅವಳ ತಕರಾರು. ಆಗ ಅನಸೂಯಾಬಾಯಿ ಕೌದಿ ಮಡಿಚುತ್ತ ತಮ್ಮ ಅನುಭವ ಹೇಳಿದರು. ಊರು ಬಿಟ್ಟಾಗ ಬೀಗ ಹಾಕಿದ್ದೇನೋ ಇಲ್ಲವೋ ಎಂಬುದು ಅವರಿಗೆ ಯಾವಾಗಲೂ ಇರುವ ಚಿಂತೆ. ಈ ಕಾರಿನಲ್ಲಿ ಆ ಚಿಂತೆಯೇ ಇಲ್ಲ. ಓಣಿ ತಿರುಗುವ ತನಕ ಬೀಗ ಕಣ್ಣೆದುರಿಗೇ ತೂಗುತ್ತಿತ್ತು.

ವಿಮಲಾಬಾಯಿ ಕಾರಿನ ಹಿಂದಿನ ಸೀಟನ್ನು ನೋಡಿದಳು. ಮನೆಯ ಕಟ್ಟೆಯನ್ನು ನೋಡಿದಳು. ಕಟ್ಟೆಯ ಮೇಲೆ ಅವಳ ತಾಯಿ ತುಳಸೀಬಾಯಿ ಬಂದು ನಿಂತಿದ್ದರು.

“ಮದುವಿ ಆದಾಗಿಂದ ಈ ಮನಿ ಬಿಡೂವಾಗೆಲ್ಲಾ ಕುತ್ತಿಗಿ ಹೊಳ್ಳಿಸಿ ಹೊಳ್ಳಿಸಿ ನೋಡೂದ ಆಗೇದ,” ಎಂದಳು ವಿಮಲಾಬಾಯಿ. “ಬಸ್ಸಿನ್ಯಾಗ ಕೂತ್ರ ನಡುವ ಮಂದಿ ತಲಿ. ಇದ್ರಾಗ ಕೂತ್ರ ಊರ ಅಗಸಿ ದಾಟೂತನಾ ಅವ್ವ ಕಾಣ್ತಾಳ. ಅಲ್ರೀ?”

“ಕಾಣ್ತಾರ,” ಎಂದ ಮಧುಸೂದನ, ಬೆನ್ನು ಹಾಕಿಯೇ.

“ಹಂಗಾದ್ರ ಬರ್ತೇನಿ.”

ಮನೆ ಒಮ್ಮೆಲೇ ಹಗುರಾಯಿತು. ತುಳಸೀಬಾಯಿ ಹೂರಣ ರುಬ್ಬಲು ಕೂತರು. ಅಳಿಯನನ್ನು ಗೋಡೆಗೆ ಅಡ್ಡಡ್ಡ ಕೂರಿಸಿ, ಎಲೆಯನ್ನು ಅವನ ಹೆಗಲಿನ ಹಿಂದೆ ಹಾಕಿ ಹೋಳಿಗೆ ಬಡಿಸಿದರು. ಉಂಡ ಮೇಲೆ ಕುತ್ತಿಗೆಗೆ ಎಣ್ಣೆ ತಿಕ್ಕಿದರು, ಬಿಸಿ ಉಪ್ಪಿನ ಗಂಟು ಇಟ್ಟರು. ಕುತ್ತಿಗೆ ಜಗ್ಗಲಿಲ್ಲ, ಆದರೆ ತನ್ನ ಕೈಯದಲ್ಲದ ಅಡಿಗೆ ಹೊಟ್ಟೆಗೆ ಬಿದ್ದದ್ದೇ ವಕೀಲನಿಗೆ ನಿದ್ದೆ ಹತ್ತಿತು. ಇಷ್ಟು ದಿನಗಳ ಮೇಲೆ ಒಂದು ದಾವೆ ಗೆದ್ದ ನಿದ್ದೆ ಅದು.

ಹೊರಗೆ ಬೇವಿನ ಮರದ ಕೆಳಗೆ ಉಂಡ ಹುಸೇನಸಾಬ ಮಲಗಲಿಲ್ಲ. ಬಸ್ ಡ್ರೈವರನ ಮಾತು ಹಲ್ಲಿನ ಸಂದಿಗೆ ಸಿಕ್ಕ ಬೇಳೆಯಂತೆ ಅವನನ್ನು ಕಾಡುತ್ತಿತ್ತು. ಈ ಮನೆಯಲ್ಲಿ ಹೊಲದಾಳುಗಳಿದ್ದರು, ಗಾಡಿಯ ನೊಗಗಳಿದ್ದವು. ನೊಗ ಕೊಟ್ಟು ಕಾರಿನ ಬೆನ್ನೆತ್ತಿಸಿದ. ಹುನಗುಂದದಲ್ಲಿ ಹಿಡಿದ ಎಂಟು ದಿನಗಳಲ್ಲಿ ಬಹಳಷ್ಟು ಹೊತ್ತು ಬಿದ್ದ ನಟ್ಟು ಹುಡುಕಲು ಹೋಗಿತ್ತು. ಇಲ್ಲಿ ಪ್ರತಿ ನಟ್ಟಿಗೂ ಒಬ್ಬೊಬ್ಬ ಆಳು ಕೈಯೊಡ್ಡಿ ನಿಂತಿದ್ದ. ಒಳಗಿನವರ ಹೋಳಿಗೆಯ ನಿದ್ದೆ ಮುಗಿದು ಚಹಾ ಆಗುವುದರೊಳಗೆ ಅಚ್ಚು ಬಿಚ್ಚಿ, ಹಲ್ಲಿನ ಚಕ್ರವನ್ನು ಎಡಕ್ಕೆ ಕೂರಿಸಿ, ಮುಚ್ಚಿ, ಓಣಿಯಲ್ಲಿ ಮುಂದಕ್ಕೆ ಒಂದು ಸುತ್ತು ಹೊಡೆಸಿ, ಕಾರಿನ ಮೂತಿಯನ್ನು ಹುನಗುಂದದ ಕಡೆಗೆ ಮಾಡಿ ನಿಲ್ಲಿಸಿದ್ದ. ಮೈಯೆಲ್ಲ ಗ್ರೀಸು, ಮುಖದ ತುಂಬ ಹಬ್ಬ.

ಉಡಿ ತುಂಬಿಸಿಕೊಂಡು, ಇಳಕಲ್ ಸೀರೆಯ ಸೆರಗು ಹೊದ್ದು ವಿಮಲಾಬಾಯಿ ಹೊರಗೆ ಬಂದಳು. ಮೆಟ್ಟಿಲಲ್ಲೇ ನಿಂತಳು.

“ಇದರ ಮೂತಿ ಯಾಕ ಆ ಕಡೆ ಅದ?”

“ಸರಿ ಮಾಡೇನ್ರೀ ಬಾಯಾರ. ಇನ್ನ ಮುಂದಕ್ಕ ಮೂರು ಗೇರು. ಕುದುರಿ ಹೋದಂಗ ಹೋಗ್ತೈತಿ.”

“ಮೊದಲಿನ ಹಂಗ ಹಿಂದಕ್ಕ?”

“ಹಿಂದಕ್ಕ ಒಂದ ಗೇರು ರೀ. ಹಳ್ಳ ದಾಟೂದ್ರೊಳಗ ಕುದೀತೈತಿ,” ಎಂದ ಹುಸೇನಸಾಬ ಹೆಮ್ಮೆಯಿಂದ.

ಮಧುಸೂದನ ಗಡಬಡಿಸಿ ಓಡಿ, ಸ್ಟಿಯರಿಂಗಿನ ಹಿಂದೆ ಕೂತ. ಕಾರಿನ ಮೂತಿ ಹುನಗುಂದದ ಕಡೆಗಿತ್ತು. ಅವನ ಮುಖ ಕಮತಗಿಯ ಕಡೆಗಿತ್ತು. ಮುಂದಿನ ರಸ್ತೆ ಅವನಿಗೆ ಕಾಣುತ್ತಿರಲಿಲ್ಲ. ಅತ್ತೆ, ಮಾವ, ಕಟ್ಟೆ, ಬೇವಿನ ಮರ, ಎಲ್ಲ ಚೆನ್ನಾಗಿ ಕಾಣುತ್ತಿದ್ದವು. ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ ಹಿಂದೆ ತಿರುಗಿ ಕೂತರೂ ಆದೀತು, ಕೌದಿ ದಪ್ಪಗೆ ಹಾಸಿಸುತ್ತೇನೆ, ಕಾರು ಎಷ್ಟು ಮೆಲ್ಲಗೆ ಬೇಕೋ ಅಷ್ಟು ಮೆಲ್ಲಗೆ ನಡೆಸುತ್ತೇನೆ ಎಂದು ಅವನು ಬೇಡಿಕೊಂಡ. ಕೈಚಾಚಿ ಹಿಂದಿನ ಬಾಗಿಲು ತೆರೆದು ಹಿಡಿದ.

ವಿಮಲಾಬಾಯಿ ಬಾಗಿಲನ್ನು ನೋಡಿದಳು, ಗಂಡನ ಕುತ್ತಿಗೆಯನ್ನು ನೋಡಿದಳು, ಉಡಿಯನ್ನು ಬಿಗಿ ಮಾಡಿಕೊಂಡು ಕಟ್ಟೆಯ ಮೇಲೆ ಅವ್ವನ ಮಗ್ಗುಲಿಗೆ ಹೋಗಿ ಕೂತಳು.

“ನಿಮ್ಮ ಮಾರಿ ಹ್ಯಾಂಗೂ ಈ ಕಡೆನ ಅದ. ನೀವ ನೋಡ್ಕೋತ ಹೋಗ್ರಿ,” ಎಂದಳು. “ನಾ ಒಲ್ಲೆ.”