ಡ್ರೈವರಣ್ಣನ ಕಂಪ್ಯೂಟರ್ ಬಸ್ಸು

"ಬಸ್ಸಿನ ಮೈಗೆಲ್ಲ ಬಣ್ಣದ ದೀಪ ಸುತ್ತಿದ್ರೆ ಅದು ಏರು ಹತ್ತುತ್ತೇನೋ? ದೀಪ ಬೇಡ ಅಂದ್ರೆ ಬೇಡ!"

"ಭಾವ, ದೀಪ ಇಲ್ಲದ ಗೇಮಿಂಗ್ ಕಂಪ್ಯೂಟರ್‌ನ ಈಗ ಯಾರು ನೋಡ್ತಾರೆ?"

"ನೋಡೋಕೆ ತಗೊಳ್ತಿಲ್ಲ ಕಣೋ. ಓಡ್ಸೋಕೆ ತಗೊಳ್ತಿದೀನಿ."

ಕಂಪ್ಯೂಟರ್ ಅಂಗಡಿಯ ಕಟ್ಟೆಯ ಮುಂದೆ ಭಾವ ಭಾಮೈದ ಇಬ್ಬರೂ ಹೋರಿಗಳ ಹಾಗೆ ಮುಖಾಮುಖಿ ನಿಂತಿದ್ದರು. ಭಾವ ಎಂದರೆ ಮೂವತ್ತೊಂದು ವರ್ಷ ಬಸ್ಸು ಓಡಿಸಿ ಒಂದು ಕೋಳಿಯ ಪುಕ್ಕಕ್ಕೂ ನೋವು ಮಾಡದ ಡ್ರೈವರು. ನಾಲ್ಕು ತಿಂಗಳ ಹಿಂದೆ ಕಣ್ಣಿನ ವೈದ್ಯರು ಎಡಗಣ್ಣು ನೋಡಿ, ತಲೆಯಾಡಿಸಿ, ಲೈಸೆನ್ಸು ನವೀಕರಿಸುವ ಕಾಗದಕ್ಕೆ ಸಹಿ ಹಾಕದೆ ಹಿಂದಕ್ಕೆ ಕೊಟ್ಟಿದ್ದರು. ಅಂದಿನಿಂದ ಊಟಕ್ಕೆ ಕೂತರೂ ಆತನ ಎಡಗಾಲು ಮೇಜಿನ ಕೆಳಗೆ ಕ್ಲಚ್ಚು ಹುಡುಕುತ್ತಿತ್ತು. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವೊಂದಿದೆ, ಥೇಟ್ ನಿಜದ ಹಾಗೇ ಇರುತ್ತದೆ ಎಂದು ಹೇಳಿ ಆಸೆ ಹಚ್ಚಿದವನು ಈ ಭಾಮೈದನೇ. ಈಗ ಆ ಆಸೆಗೆ ದೀಪ ಕಟ್ಟಲು ಹೊರಟವನೂ ಅವನೇ.

ಕಟ್ಟೆಯ ಒಳಗಿದ್ದವಳನ್ನು ಬೀದಿಯೆಲ್ಲ ಸ್ಕ್ರೂಡ್ರೈವರ್ ಅಕ್ಕ ಎನ್ನುತ್ತಿತ್ತು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಹಾಗೆ ಅವಳು ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದಳು. ಜಗಳದ ನಡುವೆ ಲೈಸೆನ್ಸಿನ ಕಥೆಯೂ ಅವಳ ಕಿವಿಗೆ ಬಿದ್ದಿತ್ತು. ಅದು ತಣ್ಣಗಾಗುವವರೆಗೆ ಕಾದು, ಡ್ರೈವರನಿಗೆ ಮೂರೇ ಪ್ರಶ್ನೆ ಕೇಳಿದಳು. ಯಾವ ಆಟ? ಪರದೆಯಿಂದ ಎಷ್ಟು ದೂರ ಕೂರ್ತೀರಿ? ಯಾವ ಕಣ್ಣು?

ಮೂರನೆಯ ಪ್ರಶ್ನೆಗೆ ಡ್ರೈವರನ ಸಿಟ್ಟು ಅರ್ಧ ಇಳಿಯಿತು. ನಾಲ್ಕು ತಿಂಗಳಲ್ಲಿ ಆ ಕಣ್ಣಿನ ಬಗ್ಗೆ ಕನಿಕರವಿಲ್ಲದೆ ಕೇಳಿದವಳು ಅವಳೊಬ್ಬಳೇ.

ಭಾಮೈದ ಬರೆದು ತಂದಿದ್ದ ಪಟ್ಟಿಯನ್ನು ಅವಳು ಪೆನ್ಸಿಲಿನಲ್ಲಿ ಕಳೆ ಕೀಳುವಂತೆ ಕಿತ್ತಳು. ಅಷ್ಟು ದೊಡ್ಡ ಪ್ರೊಸೆಸರ್ ಯಾಕೆ, ಇಬ್ಬರಿರುವ ಮನೆಗೆ ಐವತ್ತು ಸೀಟಿನ ಗಾಡಿ ಬೇಕೇ? ಅಲ್ಲಿ ಉಳಿದ ದುಡ್ಡನ್ನು ಮಾನಿಟರಿಗೆ ಹಾಕೋಣ, ಆ ಕಣ್ಣಿಗೆ ಪರದೆ ದೊಡ್ಡದಿರಲಿ. ಗಾಜಿನ ಕ್ಯಾಬಿನೆಟ್ ಬೇಡ, ಗಾಳಿಯಾಡುವ ತಗಡಿನದು ಸಾಕು. ಹೀಗೆ ಅಲ್ಲಿ ಇಲ್ಲಿ ಚಿವುಟಿ ಕೂಡಿಸಿದ್ದರಲ್ಲಿ ಸ್ಟೀರಿಂಗು, ಮೂರು ಪೆಡಲು ಬರುತ್ತವೆ ಎಂದಳು.

ಭಾಮೈದ ಸೋಲಲಿಲ್ಲ. ಕರೆಂಟು ಕೊಡುವ ಎಸ್‌ಎಂಪಿಎಸ್ ಕಡಿಮೆ ಬೆಲೆಯದು ತಗೊಂಡರೆ ದೀಪಕ್ಕೂ ದುಡ್ಡು ಉಳಿಯುತ್ತದಲ್ಲ ಎಂದ.

"ಡ್ರೈವರಣ್ಣ," ಎಂದಳು ಅಕ್ಕ, "ಬ್ರೇಕಿನಲ್ಲಿ ಉಳಿಸಿ ಹಾರ್ನ್ ತಗೊಳ್ತಾರಾ?"

ಡ್ರೈವರನಿಗೆ ಎದ್ದು ನಿಂತು ಸಲಾಮು ಹೊಡೆಯಬೇಕೆನಿಸಿತು.

ಗ್ರಾಫಿಕ್ಸ್ ಕಾರ್ಡ್ ಮಾತ್ರ ಹೊಸದು ಕೈಗೆಟುಕಲಿಲ್ಲ. ಚಿತ್ರವನ್ನೆಲ್ಲ ಓಡಿಸುವ ಇಂಜಿನ್ನೇ ಅದು ಎಂದ ಅಕ್ಕ, ಬಳಸಿದ ಮೂರು ಕಾರ್ಡು ತೆಗೆದು ಮುಂದಿಟ್ಟಳು. ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ಮೂಸಿದಳು, ಬೆರಳಿನಿಂದ ಫ್ಯಾನು ತಿರುಗಿಸಿ ಕಿವಿಗೊಟ್ಟಳು. ಒಂದನ್ನು ಆರಿಸಿ, ಮಿಷನ್ನಿಗೆ ಸಿಕ್ಕಿಸಿ, ಅರ್ಧ ಗಂಟೆ ಬೆವರಿಳಿಯುವಂತೆ ದುಡಿಸಿ, ಆಮೇಲೇ ಸರಿಯಿದೆ ಎಂದಳು. ಹಳೇ ಇಂಜಿನ್ನನ್ನು ಡ್ರೈವರ್ ಪರೀಕ್ಷೆ ಮಾಡುತ್ತಿದ್ದದ್ದೂ ಹಾಗೆಯೇ, ಮೊದಲು ಮೂಗು, ಆಮೇಲೆ ಕಿವಿ, ಕೊನೆಗೆ ಏರು. ಕೆಲಸ ಬಲ್ಲವರ ಕೈ ಎಲ್ಲಿದ್ದರೂ ಒಂದೇ ಜಾತಿ.

ಮಧ್ಯಾಹ್ನ ಕಂಪ್ಯೂಟರು ಮನೆಗೆ ಬಂತು. ಹಿಂದೆಯೇ ಎದುರುಮನೆ ಗುಮಾಸ್ತರೂ ಬಂದರು. ಕರೆಯದ ಕಡೆ ಮೊದಲು ಹಾಜರಾಗುವುದು ಅವರ ಹಳೇ ಶಿಸ್ತು. ತಂತಿಗಳನ್ನೆಲ್ಲ ತಾನೇ ಸಿಕ್ಕಿಸುತ್ತೇನೆಂದು ಭಾಮೈದ ಮೇಜಿನ ಹಿಂದೆ ನುಗ್ಗಿ, ಜೇಡರಬಲೆಯನ್ನೆಲ್ಲ ತಲೆಗೆ ಸುತ್ತಿಕೊಂಡು ಗೆದ್ದವನಂತೆ ಎದ್ದುಬಂದ.

ಬಸ್ಸು ಪರದೆಯ ಮೇಲೆ ಬಂತು. ಡ್ರೈವರ್ ಪೆಡಲು ಒತ್ತಿದ. ಬಸ್ಸು ಮಂಡಿನೋವಿನ ಎಮ್ಮೆಯ ಹಾಗೆ ಒಂದು ಹೆಜ್ಜೆ ಇಟ್ಟು, ನಿಂತು, ಯೋಚಿಸಿ, ಇನ್ನೊಂದು ಹೆಜ್ಜೆ ಇಟ್ಟಿತು.

ಮೋಸ ಹೋದಿರಿ, ಹಳೇ ಕಾರ್ಡು ಕಟ್ಟಿದ್ದಾಳೆ ಎಂದು ಗುಮಾಸ್ತರು ತೀರ್ಪು ಕೊಟ್ಟರು. ದೀಪ ಹಾಕಿಸಿದ್ದರೆ ಹೀಗಾಗುತ್ತಿತ್ತೇ ಎಂದ ಭಾಮೈದ. ಡ್ರೈವರನ ಹೆಂಡತಿ ಮಾತ್ರ, ಅರ್ಧ ಗಂಟೆ ದುಡಿಸಿ ಕೊಟ್ಟವಳು ಮೋಸ ಮಾಡುವವಳಲ್ಲ, ಮೊದಲು ಅವಳನ್ನು ಕೇಳಿ ಎಂದಳು. ಡ್ರೈವರ್ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಅಂಗಡಿಗೆ ಬೀಗ ಹಾಕಿ, ಸ್ಕೂಟರಿನಲ್ಲಿ ಬಂದಳು. ಮೇಜಿನ ಹಿಂದೆ ಒಮ್ಮೆ ಬಗ್ಗಿದಳು. ಮಾನಿಟರಿನ ತಂತಿಯನ್ನು ಕಾರ್ಡಿಗೆ ಸಂಬಂಧವೇ ಇಲ್ಲದ ಮೇಲಿನ ತೂತಿನಿಂದ ಕಿತ್ತು ಕೆಳಗೆ ಕಾರ್ಡಿನ ತೂತಿಗೆ ಸಿಕ್ಕಿಸಿದಳು.

"ಇಂಜಿನ್ ಇಟ್ಕೊಂಡು ಗಾಡಿ ತಳ್ತಾ ಇದ್ರಲ್ಲ ಡ್ರೈವರಣ್ಣ."

ಬಸ್ಸು ಬೆಣ್ಣೆಯಲ್ಲಿ ಜಾರಿದಂತೆ ಹೊರಟಿತು. ಭಾಮೈದ ತಲೆಯ ಮೇಲಿನ ಜೇಡರಬಲೆ ಬಿಡಿಸಿಕೊಳ್ಳುವುದರಲ್ಲಿ ಮಗ್ನನಾದ. ಡ್ರೈವರ್ ಕೈ ಮುಗಿದು, ಬೈದದ್ದು ತಪ್ಪಾಯ್ತು ತಾಯಿ ಎಂದ. ಏರಿನಲ್ಲಿ ಗಾಡಿ ನಿಂತರೆ ಎಲ್ಲರೂ ಡ್ರೈವರನ್ನೇ ಅಲ್ಲವೇ ಬೈಯೋದು ಎಂದು ನಕ್ಕು ಅವಳು ಹೊರಟುಹೋದಳು.

ಈಗ ನಿಜವಾದ ಆಟ. ಪರದೆಯ ಮೇಲೆ ಸೂಚನೆ ಬಂತು. ರಸ್ತೆಗಿಳಿಯುವ ಮುನ್ನ ಲೈಸೆನ್ಸ್ ಪರೀಕ್ಷೆ, ಬಸ್ಸನ್ನು ಹಿಂದಕ್ಕೆ ತೆಗೆದುಕೊಂಡು ಷೆಡ್ಡಿನೊಳಗೆ ನಿಲ್ಲಿಸಬೇಕು. ಯಾರಿಗೆ ಪರೀಕ್ಷೆ ಎಂದು ಡ್ರೈವರ್ ಮೀಸೆಯಲ್ಲೇ ನಕ್ಕ. ರಿವರ್ಸ್ ಗೇರು ಹಾಕಿದ. ಕಂಬಕ್ಕೆ ಗುದ್ದಿದ.

ಎರಡನೆಯ ಸಲ ಗೋಡೆಗೆ ಗುದ್ದಿದ. ಮೂರನೆಯ ಸಲ ಮತ್ತೆ ಅದೇ ಕಂಬ. ಪರದೆಯ ಮೇಲೆ ಅನುತ್ತೀರ್ಣ ಎಂದು ಕೆಂಪಗೆ ಬಿತ್ತು.

ಬಂಡವಾಳ ಬಯಲಾಯಿತು. ಮೂವತ್ತೊಂದು ವರ್ಷವೂ ಬಸ್ಸು ಹಿಂದಕ್ಕೆ ಬಂದದ್ದು ಕಂಡಕ್ಟರನ ಸೀಟಿಯಿಂದ. ಹಿಂದೆ ನಿಂತು ಅವನು ಬಾ ಬಾ ಎಂದರೆ ಬರುವುದು, ಸೀಟಿ ಊದಿದರೆ ನಿಲ್ಲಿಸುವುದು. ಕನ್ನಡಿ ಇದ್ದದ್ದು ತಲೆ ಬಾಚಿಕೊಳ್ಳಲು.

"ಸ್ವಲ್ಪ ಏಳ್ರೀ," ಎಂದಳು ಹೆಂಡತಿ.

"ಸೈಕಲ್ಲೂ ಹತ್ತದವಳು ನೀನು. ಬಸ್ಸು ಓಡಿಸ್ತೀಯಾ?"

"ಮೂವತ್ತೊಂದು ವರ್ಷ ಹಿಂದೆಮುಂದೆ ನೋಡ್ಕೊಂಡೇ ಈ ಸಂಸಾರ ಓಡಿಸಿದೀನಿ. ಏಳಿ."

ಎಡಗನ್ನಡಿ ನೋಡಿದಳು, ಬಲಗನ್ನಡಿ ನೋಡಿದಳು, ಡಬ್ಬಿಗೆ ಮುಚ್ಚಳ ಹಾಕುವಷ್ಟು ಸಲೀಸಾಗಿ ಬಸ್ಸನ್ನು ಷೆಡ್ಡಿಗೆ ಹಾಕಿದಳು. ಗುಮಾಸ್ತರು ಚಪ್ಪಾಳೆ ತಟ್ಟಿದರು. ಲೈಸೆನ್ಸಿಗೆ ಹೆಸರು ಕೇಳಿತು. ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಒತ್ತಿ, ಜನ ಹತ್ತಿಸಿಕೊಂಡು ಹೊರಟೇಬಿಟ್ಟಳು.

ಡ್ರೈವರ್ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದ. ಎಷ್ಟು ಚೆನ್ನಾಗಿ ಓಡಿಸುತ್ತಿದ್ದಳೆಂದರೆ ಬೈಯಲು ಒಂದು ತಪ್ಪೂ ಸಿಗಲಿಲ್ಲ. ಹೊಟ್ಟೆ ಉರಿಯುತ್ತಿದ್ದರೂ ಎದೆ ಉಬ್ಬಿತು. ಒಂದು ತಾಸು ತಡೆದುಕೊಂಡ.

"ಲೇ, ಇಲ್ಲೇ ಒಂದ್ನಿಮಿಷ ನಿಲ್ಲಿಸೇ. ನಾನೂ ಸ್ವಲ್ಪ ಓಡಿಸ್ತೀನಿ."

ಹಿಂದೊಮ್ಮೆ ಸುರಿಯುವ ಮಳೆಯಲ್ಲಿ, ತುಂಬಿದ ಬಸುರಿ, ತಿರುವಿನಲ್ಲಿ ನಿಂತು ಅವಳು ಕೈ ಬೀಸಿದ್ದಳು. ಗಂಡ ಬಸ್ಸು ನಿಲ್ಲಿಸದೆ ಕಿಟಕಿಯಿಂದ ಒಂದೇ ಮಾತು ಕೂಗಿ, ಕೆಸರು ಹಾರಿಸಿ ಮುಂದೆ ಹೋಗಿದ್ದ. ಆ ಮಾತನ್ನು ಅವಳು ಬಡ್ಡಿಯಿಲ್ಲದೆ, ಹಾಗೇ ಕಾಪಿಟ್ಟುಕೊಂಡಿದ್ದಳು.

"ಇಲ್ಲಿ ಸ್ಟಾಪ್ ಇಲ್ಲ," ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

ತನ್ನದೇ ಮಾತು ತನಗೇ ವಾಪಸು ಬಂದದ್ದಕ್ಕೆ ಡ್ರೈವರ್ ಮುಖ ಊದಿಸಿಕೊಂಡು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟ. ಭಾಮೈದ ಬಾಗಿಲವರೆಗೂ ಓಡಿಬಂದು ಭಾವ, ಭಾವ ಎಂದು ಕೂಗಿದ. ರಾತ್ರಿ ಊಟದ ಹೊತ್ತು ಮೀರಿದರೂ ಆತ ಬರಲಿಲ್ಲ. ಭಾಮೈದ ಕೂಗಿದಾಗ ತಿರುಗಿಯಾದರೂ ನೋಡಬಹುದಿತ್ತು. ಆದರೆ ಹಿಂದೆ ನೋಡುವ ಅಭ್ಯಾಸ ಆತನಿಗೆ ಮೊದಲಿನಿಂದಲೂ ಇರಲಿಲ್ಲ.