ಅಪ್ಪನ ಆರೂವರೆ

ಎಣಿಸುವುದು ನನ್ನ ಚಟ ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ದಿನ ಹಿಡಿಯಿತು. ಕುಕ್ಕರ್ ಎಷ್ಟು ಸಲ ಕೂಗಿತು, ಬಸ್ಸಿಗೆ ಎಷ್ಟು ನಿಮಿಷ ಕಾದೆ, ಅಮ್ಮ ದಿನಕ್ಕೆ ಎಷ್ಟು ಬಾರಿ "ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ" ಅಂದಳು, ಎಲ್ಲವೂ ನನ್ನ ಡೈರಿಯಲ್ಲಿ ತಾರೀಖಿನ ಸಮೇತ ಇದೆ. ಕೊನೆಯದು ಮಾಮೂಲಿ ದಿನಗಳಲ್ಲಿ ನಾಲ್ಕು, ಹಬ್ಬದ ದಿನ ಒಂಬತ್ತು. ಇಂಥ ನನಗೆ ಮನಸ್ಸಿನ ಕಾಯಿಲೆಗಳ ಸಂಶೋಧನೆಯೊಂದರಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ ಸಿಕ್ಕಿತು.

ನಮ್ಮ ಮೇಡಂ ಮೊದಲ ದಿನವೇ ಹೇಳಿದ್ದರು: "ಯಾರಿಗೆ ಯಾವ ಕಾಯಿಲೆ ಅಂತ ನೀವು ಕೇಳೋದು ಬೇಡ. ಖಿನ್ನತೆ, ಆತಂಕ, ಗೀಳು ಅಂತ ಹೆಸರು ಬೇರೆ ಬೇರೆ ಇರಬಹುದು. ನಿದ್ದೆ ಕೆಡೋದು, ಕಳವಳ ಆಗೋದು ಆ ಎಲ್ಲ ಹೆಸರಿನೋರಲ್ಲೂ ಇರುತ್ತೆ. ಯಾವ ಹೆಸರೂ ಇಲ್ಲದೋರಲ್ಲೂ ಒಂಚೂರು ಇರುತ್ತೆ. ಯಾರಲ್ಲಿ ಎಷ್ಟಿದೆ, ಅದನ್ನ ಬರ್ಕೊಂಡು ಬನ್ನಿ." ಹಾಗಾಗಿ ನಮ್ಮ ಹಾಳೆಯಲ್ಲಿ ಕಾಯಿಲೆಯ ಹೆಸರಿಗೆ ಜಾಗವೇ ಇಲ್ಲ. ಪ್ರತಿ ಪ್ರಶ್ನೆಯ ಮುಂದೆ ಸೊನ್ನೆಯಿಂದ ಹತ್ತರವರೆಗೆ ಒಂದು ಗೆರೆ, ಅಷ್ಟೆ. ಉದಯಗಿರಿಯಲ್ಲಿ ಒಬ್ಬ ಹೆಂಗಸು ಆ ಗೆರೆಯನ್ನು ನೋಡಿ, "ಪಾಪ, ಬಿಸಿಲಲ್ಲಿ ಬಂದಿದೀಯ ಕಣಮ್ಮ. ನಿಂಗೆಷ್ಟು ಬೇಕೋ ಅಷ್ಟು ಬರ್ಕೋ, ನಾನೇನೂ ಬೇಜಾರ್ ಮಾಡ್ಕೊಳಲ್ಲ" ಎಂದು ಮಜ್ಜಿಗೆ ಕೊಟ್ಟರು. ಮಜ್ಜಿಗೆ ಕುಡಿದು ಮತ್ತೆ ಮೊದಲಿನಿಂದ ವಿವರಿಸಿದೆ.

ನಿಜವಾದ ತೊಂದರೆ ಇದ್ದದ್ದು ನಜರ್‌ಬಾದಿನ ನಮ್ಮ ಮನೆಯಲ್ಲೇ. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದ ಅಪ್ಪನಿಗೆ ನಿವೃತ್ತಿಯಾದ ಮೇಲೆ ನಿದ್ದೆ ಹಾರಿಹೋಗಿತ್ತು. ಎದೆ ಢವಢವ ಅನ್ನುತ್ತದೆ ಎನ್ನುವರು, ಅರ್ಧ ಮುದ್ದೆಗೇ ಕೈ ತೊಳೆಯುವರು. ಅಮ್ಮ ಅವರ ಪ್ಯಾಂಟುಗಳನ್ನು ಎರಡು ಸಲ ಬಿಗಿ ಮಾಡಿಸಿದ್ದಳು. ಡಾಕ್ಟರ ಮಾತೆತ್ತಿದರೆ ಮಾತ್ರ, "ಬುಡು ಕಣಮ್ಮ. ಅಲ್ಲಿಗೆ ಹೋದ್ರೆ ಒಂದು ಹೆಸರು ಅಂಟಿಸಿ ಕಳಿಸ್ತಾರೆ. ಆಮೇಲೆ ಬೀದಿಯವರೆಲ್ಲ ನನ್ನ ಹೆಸರು ಬುಟ್ಟು ಅದನ್ನೇ ಹೇಳ್ತಾರೆ" ಎನ್ನುವರು.

ಒಂದು ಭಾನುವಾರ ನಮ್ಮ ಗೆರೆಯ ವಿಷಯ ಹೇಳಿದೆ. ಅಪ್ಪ ಪೇಪರ್ ಕೆಳಗಿಟ್ಟರು. "ಹೆಸರಿಲ್ವಾ? ಬರೀ ನಂಬರಾ?" ತಕ್ಷಣ ಡೈರಿ ತೆರೆದು ಒಂದೊಂದೇ ಪ್ರಶ್ನೆ ಕೇಳಿದೆ. ಎಲ್ಲ ಮುಗಿದ ಮೇಲೆ ಸುಮ್ಮನಿರಲಾರದೆ ಕೂಡಿಸಿ ಭಾಗಿಸಿದೆ: ಆರೂವರೆ. ಮರುದಿನ ಇದನ್ನು ಹೇಳಿದಾಗ ಮೇಡಂ, "ಇದೇನು ಮಾರ್ಕ್ಸ್ ಕಾರ್ಡಾ ಸರಾಸರಿ ತೆಗೆಯೋಕೆ? ನಿದ್ದೇನೇ ಬೇರೆ, ಕಳವಳಾನೇ ಬೇರೆ. ಮನೆಯವರ ಮೇಲೆ ಪ್ರಯೋಗ ಬಿಟ್ಟು ಮೊದಲು ಡಾಕ್ಟರಿಗೆ ತೋರಿಸಿ" ಎಂದು ಚೆನ್ನಾಗಿ ಬೈದರು. ಅಷ್ಟರಲ್ಲಿ ಆರೂವರೆ ಪಾರ್ಕಿಗೆ ಹೋಗಿಯಾಗಿತ್ತು.

ಬೆಳಗಿನ ವಾಕಿಂಗ್ ಮುಗಿಸಿದ ಹಿರಿಯರು ಪಾರ್ಕಿನ ಬೆಂಚಿನಲ್ಲಿ ಕೂತು ಪರಸ್ಪರ ಕೇಳುವುದು ಕ್ಷೇಮವನ್ನಲ್ಲ, ಶುಗರನ್ನು. ಅಪ್ಪನ ಗೆಳೆಯ, ಬಟ್ಟೆ ಅಂಗಡಿಯ ಬಸಪ್ಪನವರು, "ಈ ಸಲ ಫಾಸ್ಟಿಂಗ್ ನೂರಾ ನಲವತ್ತು" ಎಂದರಂತೆ. ಅಪ್ಪ ಗಂಟಲು ಸರಿಮಾಡಿಕೊಂಡು, "ನಂದು ಕಳವಳ, ಹತ್ತಕ್ಕೆ ಆರೂವರೆ" ಎಂದರಂತೆ.

"ಆರೂವರೆಗೇ ಇಂಗೆ ಸೊರಗೋಗಿದೀರಾ?" ಎಂದರು ಬಸಪ್ಪನವರು. "ಅಂಗಾದ್ರೆ ನಂದು ಒಂಬತ್ತು ಇತ್ತು ಕಣ್ರೀ. ಎರಡು ವರ್ಷದಿಂದ ಡಾಕ್ಟ್ರಿಗೆ ತೋರಿಸ್ತಾ ಇದೀನಿ. ಈಗ ಮೂರೋ ನಾಲ್ಕೋ."

"ಒಂದಿನಾನೂ ಹೇಳ್ಲಿಲ್ವಲ್ರೀ!"

"ನೀವು ಶುಗರ್ ಬುಟ್ಟು ಬೇರೇನು ಕೇಳಿದ್ರಿ?"

ಮನೆಗೆ ಬಂದವರೇ ಅಪ್ಪ, "ಆ ಬಸಪ್ಪಂದು ಮೂರಕ್ಕೆ ಇಳಿದಿದೆಯಂತೆ. ಯಾವಾಗ ಹೋಗೋಣ?" ಎಂದರು.

ಡಾಕ್ಟರ ಮುಂದೆ ನಾನು ಡೈರಿ ಬಿಡಿಸಿಟ್ಟೆ. ನಲವತ್ತನಾಲ್ಕು ರಾತ್ರಿ ಅಪ್ಪ ಎಷ್ಟು ಗಂಟೆಗೆ ಎದ್ದರು, ನಡುಮನೆಯಲ್ಲಿ ಎಷ್ಟು ಹೊತ್ತು ಕೂತರು ಎಂಬ ಪಟ್ಟಿ. ಮೂರು ರಾತ್ರಿಗಳ ಮುಂದೆ ಮಾತ್ರ "ಪೂರ್ತಿ ನಿದ್ದೆ" ಎಂದಿತ್ತು. ಡಾಕ್ಟರು ಪುಟ ತಿರುವಿದರು.

"ಎದ್ದಿದ್ದು ಎರಡೂ ಹತ್ತು, ಮತ್ತೆ ಮಲಗಿದ್ದು ಮೂರೂ ಐವತ್ತೈದು. ಇದನ್ನ ನೋಡ್ಕೊಂಡು ಬರೆದೋರು ಯಾರಮ್ಮ?"

"ನಾನೇ ಸರ್. ಒಂದು ರಾತ್ರೀನೂ ಬಿಟ್ಟಿಲ್ಲ" ಎಂದೆ, ಹೆಮ್ಮೆಯಿಂದ.

ಅವರು ಇನ್ನೊಂದು ಹಾಳೆ ಎಳೆದುಕೊಂಡು ನನ್ನತ್ತ ತಿರುಗಿದರು. "ನಿಮ್ಮ ನಿದ್ದೆ ಎಷ್ಟು ಕೆಟ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ."

"ಎರಡು" ಎಂದೆ.

"ಎಂಟು ಹಾಕ್ಕೊಳಿ ಸರ್" ಎಂದರು ಅಪ್ಪ. "ಆಮೇಲೆ ಆ ಪಟ್ಟೀನೂ ಸರಿಯಿಲ್ಲ. ಪೂರ್ತಿ ನಿದ್ದೆ ಅಂತ ಬರೆದಿರೋ ಮೂರು ದಿನಾನೂ ನಾನು ಎದ್ದಿದ್ದೆ. ಇವಳೇ ಪೆನ್ನು ಹಿಡ್ಕೊಂಡು ಟೇಬಲ್ ಮೇಲೆ ನಿದ್ದೆ ಹೋಗಿದ್ಲು. ಎಬ್ಬಿಸೋಕೆ ಮನಸಾಗ್ದೆ ಲೈಟ್ ಆರಿಸಿ ಬಂದೆ."

ಆ ಮಾತಿಗೆ ಯಾವ ಮಗಳಿಗಾದರೂ ಕಣ್ಣು ತುಂಬಿ ಬರಬೇಕು. ನಾನು ಪೆನ್ನಿನ ಮುಚ್ಚಳ ತೆಗೆದು, "ಆ ಮೂರು ದಿನ ಎಷ್ಟು ಗಂಟೆಗೆ ಎದ್ರಿ ಅಪ್ಪ?" ಎಂದೆ.

ಡಾಕ್ಟರು ನನ್ನನ್ನೊಮ್ಮೆ ನೋಡಿ, ಎರಡನ್ನು ಹೊಡೆದು ಎಂಟು ಬರೆದರು.