ಅಂಗೈ ಅಗಲದ ಗೋಡೆ

ಹಾಸನದ ಆ ಚರ್ಚಿಗೆ ಮದುವೆಗೆಂದು ಬಂದವರೆಲ್ಲ ಕೇಳುತ್ತಿದ್ದುದು ಒಂದೇ: ಪ್ಲಾಸ್ಟರಿಂಗ್ ಯಾವಾಗ? ನೆರಿಗೆ ಹಿಡಿದ ಪಂಚೆಯಂಥ ಕಾಂಕ್ರೀಟ್ ಸೂರು, ಸೆಂಟ್ರಿಂಗ್ ಹಲಗೆಯ ಗೆರೆಗಳು ಹಾಗೇ ಮೂಡಿದ ಬೂದು ಗೋಡೆ. ನಕ್ಷೆ ಬರೆದ ಪಾದ್ರಿಯೇ ಹೀಗೆ ಬರಿಮೈಯಲ್ಲಿರಲಿ ಎಂದಿದ್ದರಂತೆ. ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮೊನ್ನೆ ಯಾರೋ ಪುಣ್ಯಾತ್ಮರು, ಪಾಪ ಅರ್ಧಕ್ಕೇ ನಿಂತಿದೆಯಲ್ಲ ಎಂದು ಮರುಗಿ, ಬಾಗಿಲಿಗೆ ದೃಷ್ಟಿಗೊಂಬೆ ಕಟ್ಟಿ ಹೋದರು. ಸೆಕ್ರೆಟರಿ ಅಂತಪ್ಪ ನಾಚಿಕೆ ತಡೆಯದೆ ಮೇಸ್ತ್ರಿ ಶಿವರಾಜುವನ್ನು ಕರೆಸಿದ.

ಸುದ್ದಿ ಕೇಳಿದ್ದೇ ದಂಡಿಗನಹಳ್ಳಿಯ ಮುದುಕ ಲಕ್ಕಯ್ಯ ಬಸ್ಸು ಹತ್ತಿದ. ಹರೆಯದಲ್ಲಿ ಅವನು ಆ ಚರ್ಚು ಕಟ್ಟುವ ಕೂಲಿಗೆ ಬಂದಿದ್ದ. ಮೊಸಳೆ ಎಂಬ ಊರಿನ ಮಾಯಮ್ಮನೂ ಬಂದಿದ್ದಳು. ಹಲಗೆ ಬಿಚ್ಚಿದಾಗ ಹೊರಗೋಡೆಯಲ್ಲಿ ಕಂಡ ತೂತಿಗೆ ಅವನು ಸಿಮೆಂಟು ಮೆತ್ತಿದ್ದ. ಅವಳು ನಗುತ್ತ ಆ ಹಸಿಯ ಮೇಲೆ ಅಂಗೈ ಒತ್ತಿದ್ದಳು. ಆಮೇಲೆ ಅವಳನ್ನು ಅರಕಲಗೂಡಿಗೆ ಕೊಟ್ಟರು. ಲಕ್ಕಯ್ಯನಿಗೆ ಉಳಿದದ್ದು ಗೋಡೆ. ಹಾಸನಕ್ಕೆ ಬಂದಾಗಲೆಲ್ಲ ಆ ಗುರುತಿನ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತು ಹೋಗುತ್ತಿದ್ದ.

ಇವತ್ತು ಶಿವರಾಜುವಿನ ಕರಣೆ ಅದರ ಹತ್ತಿರಕ್ಕೇ ಬಂದಿತ್ತು. ಲಕ್ಕಯ್ಯ ಹಲ್ಲಿಯಂತೆ ಗೋಡೆಗೆ ಬೆನ್ನು ಅಂಟಿಸಿದ. ನಿಜ ಹೇಳಲು ಮೊಮ್ಮಕ್ಕಳು ಕಂಡ ವಯಸ್ಸು ಬಿಡಲಿಲ್ಲ.

"ಪ್ಲಾಸ್ಟ್ರಿಂಗ್ ಬ್ಯಾಡ ಕಣಪ್ಪಾ. ಗ್ವಾಡೆ ಭಾರ ತಡೆಯಾಕಿಲ್ಲ, ಸೂರು ಬಂದ್ಬುಡ್ತದೆ. ಕಟ್ದೋನು ನಾನು, ನಂಗೊತ್ತು."

ಶಿವರಾಜು ಏಣಿಯಿಂದ ಒಂದೇ ನೆಗೆತಕ್ಕೆ ಇಳಿದ. ಅಂತಪ್ಪ ಮೇರಿಯಮ್ಮನ ಪ್ರತಿಮೆಯನ್ನು ಕಂಕುಳಿಗೆ ಏರಿಸಿಕೊಂಡು ರಸ್ತೆಗೆ ಓಡಿದ. ಎದುರಿನ ಟೀ ಅಂಗಡಿಯವನು, ತಾನು ದಿನಾ ಬಿರುಕಿನ ಸದ್ದು ಕೇಳುತ್ತಿದ್ದೆನೆಂದು ಸಾಕ್ಷಿ ಹೇಳಿದ. ಮಧ್ಯಾಹ್ನ ಸುದ್ದಿ ಚನ್ನರಾಯಪಟ್ಟಣ ಮುಟ್ಟುವಷ್ಟರಲ್ಲಿ ಚರ್ಚು ಬಿದ್ದೇ ಹೋಗಿತ್ತು. ಲಕ್ಕಯ್ಯ ಒಳಗೊಳಗೇ ಹಿಗ್ಗಿದ.

ಅಷ್ಟರಲ್ಲಿ ಅಂತಪ್ಪ ಕರೆಸಿದ್ದ ಇಂಜಿನಿಯರ್ ಸ್ನೇಹಲತಾ ಕೊರೆಯುವ ಮೆಷಿನ್ ಸಮೇತ ಬಂದರು. ಗೋಡೆಯುದ್ದಕ್ಕೂ ಬಡಿದು ನೋಡಿದರು. ಎಲ್ಲ ಗಟ್ಟಿ. ಮುದುಕ ನಿಂತ ಜಾಗವೊಂದು ಬಾಕಿ.

"ಸ್ವಲ್ಪ ಈಚೆ ಬನ್ನಿ ತಾತ."

"ಇಲ್ಲೇನೂ ಇಲ್ಲ ಕಣವ್ವಾ."

ಅಷ್ಟು ಸಾಕಾಯಿತು. ಅಂತಪ್ಪ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. ತೇಪೆ ಕಂಡಿತು. ಅನುಮಾನ ಇಲ್ಲೇ ಎಂದು ಸ್ನೇಹಲತಾ ಸೀಮೆಸುಣ್ಣದಲ್ಲಿ ಸುತ್ತು ಬರೆದರು.

ಮೆಷಿನ್ ಗುಂಯ್‌ಗುಟ್ಟಿ, ಹಾಲಿನ ಲೋಟದಷ್ಟು ಕಾಂಕ್ರೀಟನ್ನು ಕಿತ್ತುಕೊಂಡಿತು. ಮಾಯಮ್ಮನ ಅಂಗೈ ಅದರ ಜೊತೆಗೇ ಬಂತು. ಗೋಡೆಯಲ್ಲಿ ಉಳಿದದ್ದು ಬೆರಳ ತುದಿಗಳಷ್ಟೆ.

ಸ್ನೇಹಲತಾ ಅದನ್ನು ತಿರುಗಿಸಿ ನೋಡಿ, ಕಲ್ಲಿನ ಹಾಗಿದೆ, ಧೈರ್ಯವಾಗಿ ಪ್ಲಾಸ್ಟರ್ ಮಾಡಿ ಎಂದರು. ಅಂತಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಒಳಗಡೆಯೂ ಮಾಡಿಬಿಡಲು ಶಿವರಾಜುವಿಗೆ ಅಲ್ಲೇ ಹೇಳಿದ.

"ಅದ್ನ ನಂಗೆ ಕೊಡವ್ವಾ," ಎಂದ ಲಕ್ಕಯ್ಯ.

"ಆಗಲ್ಲ ತಾತ. ಲ್ಯಾಬಲ್ಲಿ ಒತ್ತಿ ಒಡೆದು ನೋಡ್ಬೇಕು, ಎಷ್ಟು ತಡ್ಕೊಳುತ್ತೆ ಅಂತ."

ಜೀಪು ಹೋಯಿತು. ಶಿವರಾಜು ಕರಣೆ ತುಂಬ ಗಾರೆ ಎತ್ತಿಕೊಂಡು ಬಂದ.

"ಸರೀರಿ ಯಜಮಾನ್ರೇ."

ಈ ಸಲ ಲಕ್ಕಯ್ಯ ತಾನಾಗಿಯೇ ಸರಿದ.